ಕುದುರೆಯೊಂದಿಗೆ ಬರುವ ಅತಿಥಿಗಳು

ಬ್ರಿಸ್ಟಲ್, ಇಂಗ್ಲೆಂಡ್
ಆಗಸ್ಟ್ 24

ತೀರ್ಥರೂಪ ಅಪ್ಪನಿಗೆ ಮಗಳು ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಕಡಿಮೆಯಾಗಿದೆಯೆಂದು ಫೋನಿನಲ್ಲಿ ತಮ್ಮ ಹೇಳಿದ, ಸಮಾಧಾನವಾಯಿತು. ಅದೇ ಮಾತಿನ ನಡುವೆ, ಹಳೆಯ ಮನೆಯನ್ನು ಹೋಮ್‌ಸ್ಟೇ ಮಾಡುವ ವಿಚಾರ ಗಟ್ಟಿಯಾಗಿದೆಯೆಂದೂ, ಬೇಕಲ ಕೋಟೆ ನೋಡಲು ಬಂದವರನ್ನು ನಮ್ಮೂರು ನೀರ್ಚಾಲಿನ ಕಡೆಗೆ ಸೆಳೆಯಲು ಒಂದು ಕುದುರೆ ಸಾಕಿದರೆ ಹೇಗೆಂದೂ ಕೇಳಿದ. ಆಗ ನಕ್ಕು ಸುಮ್ಮನಾದೆ. ಆದರೆ ಕಳೆದ ವಾರ, ಕುದುರೆಗಳಿಗೂ ಬಿಡಾರ ಕೊಡುವ ಒಂದು ಹಳ್ಳಿಮನೆಯಲ್ಲಿ ತಂಗಿ ಬಂದ ಮೇಲೆ ನಿಮಗೆ ವಿವರವಾಗಿ ಬರೆಯಲೇಬೇಕೆನಿಸಿತು.

ನನ್ನೊಡನೆ ಕೆಲಸ ಮಾಡುವ ಗೆಳತಿಯೊಬ್ಬಳು ಹೆಣ್ಣು ಕುದುರೆಯೊಂದನ್ನು ಸಾಕಿದ್ದಾಳೆ. ರಜೆಗೆ ಹೊರಟಾಗ ಅದನ್ನು ಬಿಟ್ಟುಹೋಗಲು ಅವಳಿಗೆ ಮನಸ್ಸಿಲ್ಲ. ಕಾರಿನ ಹಿಂದೆ ಟ್ರೇಲರ್ ಕಟ್ಟಿ ಜೊತೆಗೇ ಕರೆದೊಯ್ಯುತ್ತಾಳೆ. ಹಾಗೆ ಬರುವವರಿಗೆಂದೇ ಹಳ್ಳಿಗಾಡಿನಲ್ಲಿ ಕೆಲವು ರೈತರು ಬಾಡಿಗೆ ಮನೆಗಳನ್ನು ಇಟ್ಟುಕೊಂಡಿದ್ದಾರೆ. ನಾವು ಹೋದದ್ದು ಎಕ್ಸ್‌ಮೂರ್‌ಗೆ. ಸಾಮರ್ಸೆಟ್ ಮತ್ತು ಡೆವನ್ ಕೌಂಟಿಗಳಲ್ಲಿ ಹರಡಿರುವ ಈ ಪ್ರದೇಶ 1954ರಿಂದ ರಾಷ್ಟ್ರೀಯ ಉದ್ಯಾನ. ಇಲ್ಲಿನ ಅತಿ ಎತ್ತರದ ಡಂಕರಿ ಬೀಕನ್ ಕೂಡ 519 ಮೀಟರ್ ಮಾತ್ರ. ನಮ್ಮ ಪೊಸಡಿಗುಂಪೆಯ ನೆತ್ತಿಯಂತೆ ಬೋಳಾಗಿರುವ ಗುಡ್ಡಗಳ ಮೇಲೆ ಈ ತಿಂಗಳಲ್ಲಿ ಹೀದರ್ ಎಂಬ ಕುರುಚಲು ಗಿಡ ನೇರಳೆ ಬಣ್ಣದ ಹೂ ಬಿಟ್ಟಿರುತ್ತದೆ.

ಮನೆಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ದಪ್ಪ ಕಲ್ಲುಗೋಡೆ, ಎರಡು ಮಲಗುವ ಕೋಣೆ, ಸೌದೆ ಉರಿಸುವ ಒಲೆ, ಅಷ್ಟೆ. ಒಡತಿ ಎಪ್ಪತ್ತರ ಆಸುಪಾಸಿನ ಹೆಂಗಸು. ನಾವು ಇಳಿಯುತ್ತಿದ್ದಂತೆ ನಮ್ಮ ಹೆಸರನ್ನಷ್ಟೇ ಕೇಳಿ, ಕುದುರೆಯ ಪಾಸ್‌ಪೋರ್ಟನ್ನು ಮಾತ್ರ ಕನ್ನಡಕ ಹಾಕಿಕೊಂಡು ಪುಟಪುಟವಾಗಿ ನೋಡಿದರು. ತಮಾಷೆಯಲ್ಲ, ಇಲ್ಲಿ ಪ್ರತಿ ಕುದುರೆಗೂ ಪಾಸ್‌ಪೋರ್ಟ್ ಇರಬೇಕೆಂಬ ಕಾನೂನಿದೆ, ಇಂಗ್ಲೆಂಡಿನಲ್ಲಿ 2020ರ ಅಕ್ಟೋಬರಿನಿಂದ ಮೈಕ್ರೋಚಿಪ್ ಕೂಡ ಕಡ್ಡಾಯವಾಗಿದೆ. ಧನುರ್ವಾಯು ಮತ್ತು ಕುದುರೆ ಜ್ವರದ ಚುಚ್ಚುಮದ್ದು ಯಾವಾಗ ಆಗಿದೆಯೆಂದು ನೋಡಿದ ಮೇಲೆಯೇ ಲಾಯದ ಬಾಗಿಲು ತೆರೆದದ್ದು. ವೀಸಾ ಕಚೇರಿಗಳ ಸಾಲಿನಲ್ಲಿ ನಿಂತು ಬಂದ ನನಗೆ, ನನ್ನ ಬದಲು ಬೇರೊಬ್ಬರ ಕಾಗದಪತ್ರ ನೋಡುತ್ತಿದ್ದುದು ಹಿತವಾಗಿಯೇ ಇತ್ತು.

ಲಾಯವನ್ನು ನೀವು ನೋಡಬೇಕಿತ್ತು, ಅಪ್ಪ. ಒಂದು ಕುದುರೆಗೆ 12 ಅಡಿ ಉದ್ದ, 12 ಅಡಿ ಅಗಲದ ಕೋಣೆ. ನೆಲಕ್ಕೆ ರಬ್ಬರ್ ಹಾಸು, ಅದರ ಮೇಲೆ ದಪ್ಪಗೆ ಮರದ ಹೊಟ್ಟು. ಬಾಗಿಲು ಅಡ್ಡಕ್ಕೆ ಎರಡು ಭಾಗವಾಗಿದ್ದು, ಮೇಲಿನದನ್ನು ತೆರೆದಿಟ್ಟರೆ ಕುದುರೆ ತಲೆ ಹೊರಗೆ ಚಾಚಿ ನಿಲ್ಲುತ್ತದೆ. ಜಾಣ ಕುದುರೆಗಳು ತುಟಿಯಿಂದಲೇ ಚಿಲಕ ಸರಿಸುವುದನ್ನು ಕಲಿಯುತ್ತವಂತೆ. ಆದ್ದರಿಂದ ಬಾಗಿಲ ಬುಡದಲ್ಲಿ, ಅವುಗಳ ಬಾಯಿಗೆ ಎಟುಕದಂತೆ ಇನ್ನೊಂದು ಚಿಲಕವಿದೆ. ಒಡತಿ ಎರಡೂ ಕೈಗಳಲ್ಲಿ ನೀರಿನ ಬಕೆಟ್ ಹಿಡಿದುಕೊಂಡೇ ಬೂಟಿನ ತುದಿಯಿಂದ ಅದನ್ನು ತಟ್ಟಿ ಹಾಕುತ್ತಿದ್ದರು.

ಮೇವಿನ ವಿಷಯದಲ್ಲಂತೂ ಅವರದು ಬಹಳ ಕಟ್ಟುನಿಟ್ಟು. ಕುದುರೆಗೆ ವಾಂತಿ ಮಾಡಲು ಬಾರದು, ಹೊಟ್ಟೆನೋವು ಹಿಡಿದರೆ ಪ್ರಾಣಕ್ಕೇ ಸಂಚಕಾರ. ಹಾಗಾಗಿ ಮೇವನ್ನು ಥಟ್ಟನೆ ಬದಲಿಸುವಂತಿಲ್ಲ. ಗೆಳತಿ ತಂದ ಒಣಹುಲ್ಲಿಗೆ ಅಲ್ಲಿನ ಹುಲ್ಲನ್ನು ದಿನಕ್ಕಿಷ್ಟೆಂದು ಬೆರೆಸುತ್ತ ಹೋದರು. 500 ಕಿಲೋ ತೂಗುವ ಪ್ರಾಣಿಗೆ ದಿನಕ್ಕೆ ಸುಮಾರು 10 ಕಿಲೋ ಒಣಹುಲ್ಲು, 25ರಿಂದ 50 ಲೀಟರ್ ನೀರು ಬೇಕು. ಹಸಿಹುಲ್ಲು ಧಾರಾಳವಾಗಿದ್ದರೂ ಇಡೀ ದಿನ ಮೇಯಲು ಬಿಡಲಿಲ್ಲ. ಅತಿಯಾದರೆ ಗೊರಸಿನೊಳಗೆ ಉರಿಯೂತವಾಗಿ ಕುಂಟತೊಡಗುತ್ತದೆಯಂತೆ. ರಾಗ್‌ವರ್ಟ್ ಎಂಬ ಹಳದಿ ಹೂವಿನ ಕಳೆ ಪಿತ್ತಜನಕಾಂಗವನ್ನೇ ಕೆಡಿಸುವುದರಿಂದ ಅದನ್ನು ಬೇರುಸಹಿತ ಕಿತ್ತಿದ್ದರು. ತಮ್ಮ ಕುದುರೆಗಳ ಬಯಲಿಗೂ ಅತಿಥಿ ಕುದುರೆಯ ಬಯಲಿಗೂ ನಡುವೆ ಎರಡು ಸಾಲು ಬೇಲಿ ಹಾಕಿದ್ದರು. ಮೂತಿಗೆ ಮೂತಿ ತಾಗಿದರೆ ರೋಗವೂ ಬರಬಹುದು, ಜಗಳವೂ ಆಗಬಹುದು. ಲದ್ದಿ ಹೆಕ್ಕುವುದು ಮಾತ್ರ ಅತಿಥಿಗಳ ಪಾಲಿನ ಕೆಲಸ. ರಜೆಗೆಂದು ಹೋಗಿ ಬೆಳಗ್ಗೆ ನಾನೂ ಬುಟ್ಟಿ ಹೊತ್ತೆ; ಅಮ್ಮನಿಗೆ ಹೇಳಿ, ನಗಲಿ.

ಕುದುರೆಯವರು ಅಲ್ಲಿಗೆ ಬರುವುದು ಸವಾರಿಯ ದಾರಿಗಳಿಗಾಗಿ. ಬ್ರೈಡಲ್‌ವೇ ಎಂಬ ಈ ದಾರಿಗಳು ಖಾಸಗಿ ಜಮೀನಿನ ನಡುವೆ ಹಾದುಹೋದರೂ ಕುದುರೆಯ ಮೇಲೆ ಸಾಗುವ ಹಕ್ಕು ಎಲ್ಲರಿಗೂ ಇದೆ. ನೀಲಿ ಬಾಣದ ಗುರುತು ಹಿಡಿದು ಹೋದರಾಯಿತು. ಸವಾರರು ಇಳಿಯದೆಯೇ ತೆರೆಯಲೆಂದು ಅಲ್ಲಿನ ಕೆಲವು ಗೇಟುಗಳಿಗೆ ಉದ್ದನೆಯ ಹಿಡಿಕೆಯನ್ನೂ ಇಟ್ಟಿದ್ದಾರೆ.

ಇನ್ನು ತಮ್ಮನ ಕುದುರೆಯ ಮಾತು. ಅದು ಬೇಡವೆಂದೇ ನನ್ನ ಅಭಿಪ್ರಾಯ. ಆರರಿಂದ ಎಂಟು ವಾರಗಳಿಗೊಮ್ಮೆ ಗೊರಸು ಕತ್ತರಿಸಿ ಲಾಳ ಬದಲಿಸಬೇಕು. ಇಲ್ಲಿ ಅದಕ್ಕೆ 1975ರ ಕಾಯ್ದೆಯಂತೆ ನೋಂದಾಯಿತ ಕುಶಲಕರ್ಮಿಗಳೇ ಇದ್ದಾರೆ, ನಮ್ಮಲ್ಲಿ ಯಾರನ್ನು ಕರೆಯುವುದು? ಜಾರುವ ಮುರಕಲ್ಲಿನ ಗುಡ್ಡ, ಅಡಿಕೆ ತೋಟದ ಕಣಿಗಳು, ನಾಲ್ಕು ತಿಂಗಳ ಮಳೆ. ಇವುಗಳ ನಡುವೆ ಅದು ಓಡುವುದಾದರೂ ಎಲ್ಲಿ? ಹಟ್ಟಿಯಲ್ಲಿರುವ ಗಿಡ್ಡ ತಳಿಯ ದನಗಳನ್ನು, ತೋಟಕ್ಕೆ ನೀರು ಕೊಡುವ ಸುರಂಗವನ್ನು ಬಂದವರಿಗೆ ತೋರಿಸಿದರೆ ಸಾಕು.

ಆ ಮನೆಗೆ ಜನ ಮತ್ತೆ ಮತ್ತೆ ಬರುವುದು, ತಮ್ಮ ಜೊತೆ ಬಂದದ್ದಕ್ಕೂ ಅಲ್ಲಿ ಜಾಗ ಸಿದ್ಧವಾಗಿರುವುದರಿಂದ. ನಮ್ಮಲ್ಲಿಗೆ ಬರುವವರ ಜೊತೆ ಯಾರಿರುತ್ತಾರೆ? ಮಧೂರು, ಅನಂತಪುರ, ಬೇಕಲ ಎಂದು ಸುತ್ತುವವರಲ್ಲಿ ಎಷ್ಟೋ ಮಂದಿ ಬಾಡಿಗೆ ಕಾರಿನಲ್ಲಿ ಬರುತ್ತಾರೆ; ಅವರ ಡ್ರೈವರ್ ರಾತ್ರಿ ಸೀಟು ಒರಗಿಸಿಕೊಂಡು ಸೊಳ್ಳೆ ಹೊಡೆಯುತ್ತ ಮಲಗುತ್ತಾನೆ. ಮನುಷ್ಯನನ್ನು ಪ್ರಾಣಿಯ ಸಾಲಿನಲ್ಲಿ ನಿಲ್ಲಿಸುತ್ತಿದ್ದೇನೆಂದು ತಿಳಿಯಬೇಡಿ. ಅಲ್ಲಿ ಕುದುರೆಗೆ ಸಿಗುವಷ್ಟು ಗಮನವೂ ನಮ್ಮಲ್ಲಿ ಅವನಿಗೆ ಸಿಗದೆಂಬುದೇ ನನ್ನ ಬೇಸರ. ಅಡಿಕೆ ಒಣಗಿಸುವ ಅಂಗಳದ ಪಕ್ಕದ ಕೋಣೆಯಿಂದ ಗೊಬ್ಬರದ ಚೀಲಗಳನ್ನು ತೆಗೆಸಿ, ಒಂದು ಮಂಚ, ಫ್ಯಾನು, ಸೊಳ್ಳೆ ಪರದೆ, ಬಚ್ಚಲಿಗೆ ಬಿಸಿನೀರು, ಇಷ್ಟನ್ನು ಮೊದಲು ಮಾಡಿಸಿ. ಅತಿಥಿಗಳ ಕೋಣೆಗೆ ಟೈಲ್ಸ್ ಹಾಕಿಸುವುದು ಆಮೇಲಾದರೂ ಆದೀತು.

ಖರ್ಚೆಷ್ಟಾಗುವುದೆಂದು ಮೇಸ್ತ್ರಿಯಲ್ಲಿ ಕೇಳಿ ತಿಳಿಸಿ. ಅರ್ಧವನ್ನು ನಾನು ಕಳುಹಿಸುತ್ತೇನೆ. ಅಜ್ಜಿಗೆ, ಅಮ್ಮನಿಗೆ ನಮಸ್ಕಾರಗಳು, ತಮ್ಮನಿಗೆ ಆಶೀರ್ವಾದ.

ಇತಿ ನಿಮ್ಮ ಮಗಳು