ಎಮುವಿಗೆ ಮೈಕ್ ಕೊಡಬೇಡ

ಪ್ರೀತಿಯ ಗೆಳೆಯ,

ವಿಚಿತ್ರ ಸುದ್ದಿಯೊಂದರ ಮೇಲೆ ನೀನು ಬರೆದು ಕಳಿಸಿದ ಹಾಸ್ಯ ಬರಹಕ್ಕಿಂತ ಮೊದಲು ಕಣ್ಣಿಗೆ ಬಿದ್ದದ್ದು ಅದರ ಮೇಲಿದ್ದ ಚೀಟಿ: ‘ಎಷ್ಟು ತಮಾಷೆ ತುರುಕಿದರೂ ಯಾರೂ ನಗುತ್ತಿಲ್ಲ. ಬರೆಯುವುದನ್ನೇ ಬಿಟ್ಟುಬಿಡಲೇ?’ ಬರೆಯುವುದನ್ನು ಬಿಡಬೇಡ, ತುರುಕುವುದನ್ನು ಬಿಡು. ಅಂಕಣಕ್ಕೆ ಎಷ್ಟು ಪದ ಇರಬೇಕು, ಯಾವ ಸಂಪಾದಕರಿಗೆ ಕಳಿಸಬೇಕು ಎಂದೂ ಕೇಳಿದ್ದೀಯ. ಅದನ್ನು ಯಾರು ಬೇಕಾದರೂ ಹೇಳಿಯಾರು.

ನೀನು ಆರಿಸಿಕೊಂಡ ಸುದ್ದಿ ಅಪ್ಪಟ ಚಿನ್ನ. 1932ರ ನವೆಂಬರ್‌ನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಗೋಧಿ ಹೊಲಗಳಿಗೆ ಎಮು ಎಂಬ ಹಾರಲಾರದ ದೊಡ್ಡ ಹಕ್ಕಿಗಳು ನುಗ್ಗಿದವು, ಸರ್ಕಾರ ಸೈನಿಕರನ್ನು ಕಳಿಸಿತು. ಇಂಥದ್ದು ಕೈಗೆ ಸಿಕ್ಕಿರುವಾಗ ನೀನು ಮಾಡಿದ್ದೇನು? ಎಮು ಸೇನಾಪತಿಯ ಪತ್ರಿಕಾಗೋಷ್ಠಿ, ಪೂರಾ ಮೂರು ಪುಟ. ಹಕ್ಕಿ ಮೈಕ್ ಹಿಡಿದು ಭಾಷಣ ಬಿಗಿಯುತ್ತದೆ, ಟಿವಿ ನಿರೂಪಕ ಅರಚುತ್ತಾನೆ. ಯಾಕಪ್ಪಾ?

ನಡೆದದ್ದನ್ನು ನೋಡು. ಆ ಸೈನಿಕರ ಮುಖ್ಯಸ್ಥ ಮೇಜರ್ ಮೆರೆಡಿತ್ ಬಳಿ ಇದ್ದದ್ದು ಎರಡು ಲೂಯಿಸ್ ಮೆಷಿನ್ ಗನ್, 10,000 ಗುಂಡು. ಎದುರಿಗೆ ಸುಮಾರು 20,000 ಹಕ್ಕಿ. ಒಂದು ಕಟ್ಟೆಯ ಬಳಿ ಹೊಂಚು ಹಾಕಿ, ಸಾವಿರದಷ್ಟು ಎಮು ಹತ್ತಿರ ಬರುವ ತನಕ ಕಾದು ಗುಂಡು ಹಾರಿಸಿದರು. ಹನ್ನೆರಡು ಬೀಳುವಷ್ಟರಲ್ಲಿ ಗನ್ ಕಚ್ಚಿಕೊಂಡಿತು. ಆಮೇಲೆ ಗನ್ನನ್ನು ಲಾರಿಗೆ ಏರಿಸಿದರು. ಓಡುವ ಎಮುವನ್ನು ಹಿಡಿಯಲು ಲಾರಿಗೆ ಆಗಲಿಲ್ಲ, ಆ ಕುಲುಕಾಟದಲ್ಲಿ ಗನ್ ಹಿಡಿದವನಿಗೆ ಒಂದು ಗುಂಡೂ ಹಾರಿಸಲಾಗಲಿಲ್ಲ. ಕೊನೆಗೆ ಮೇಜರ್ ಕೊಟ್ಟ ಲೆಕ್ಕ: ಸತ್ತ ಎಮು 986, ಖರ್ಚಾದ ಗುಂಡು 9,860. ಭಾಗಿಸಿ ನೋಡು. ಶೇಷ ಸೊನ್ನೆ.

ನಿನ್ನ ಬರಹದಲ್ಲಿ ಈ ಲೆಕ್ಕವೇ ಇಲ್ಲ. ‘ಸಾವಿರಾರು ಗುಂಡು ಹಾರಿಸಿದರೂ’ ಎಂದು ಬರೆದು ಮುಂದೆ ಹೋಗಿದ್ದೀಯ. ನಗೆ ಸತ್ತದ್ದು ಆ ‘ಸಾವಿರಾರು’ ಎಂಬಲ್ಲಿ. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಸುಮ್ಮನಾಗಿದ್ದರೆ ಓದುಗ ತಾನೇ ಭಾಗಿಸುತ್ತಿದ್ದ, ತಾನೇ ಹುಬ್ಬೇರಿಸುತ್ತಿದ್ದ. (ಮೇಲೆ ನಾನು ‘ಭಾಗಿಸಿ ನೋಡು’ ಅಂದದ್ದು ಇದು ಪತ್ರವಾದ್ದರಿಂದ. ಅಂಕಣದಲ್ಲಾಗಿದ್ದರೆ ಆ ಎರಡು ಪದವನ್ನೂ ಹೊಡೆದುಹಾಕುತ್ತಿದ್ದೆ.) ವಿಚಿತ್ರ ಸುದ್ದಿ ತನ್ನ ನಗೆಯನ್ನು ತಾನೇ ಹೊತ್ತು ತರುತ್ತದೆ. ಅದಕ್ಕೆ ಬಣ್ಣ ಬಳಿದೆಯೋ, ಕೆಳಗಿನ ಬಣ್ಣ ಮುಚ್ಚಿಹೋಯಿತು.

ದನಿಯೂ ಅಷ್ಟೆ. 1957ರ ಏಪ್ರಿಲ್ 1ರಂದು ಬಿಬಿಸಿಯ ‘ಪನೋರಮಾ’ ಕಾರ್ಯಕ್ರಮ ಸ್ವಿಟ್ಜರ್ಲೆಂಡಿನಲ್ಲಿ ಮರದಿಂದ ಸ್ಪಾಗೆಟ್ಟಿ (ಹಿಟ್ಟಿನಿಂದ ಮಾಡುವ, ಶಾವಿಗೆಯಂಥ ತಿನಿಸು) ಕೊಯ್ಯುವುದನ್ನು ತೋರಿಸಿತು. ವಿವರಣೆ ರಿಚರ್ಡ್ ಡಿಂಬಲ್ಬಿಯದು, ಗಂಭೀರ ವರದಿಗಳಿಗೆ ಹೆಸರಾದ ದನಿ. ಗಿಡ ಬೆಳೆಸುವುದು ಹೇಗೆ ಎಂದು ಕೇಳಿ ಜನ ಫೋನ್ ಮಾಡಿದರು. ಆ ದನಿಯಲ್ಲಿ ಒಂದೇ ಒಂದು ಕಿಸಕ್ ಕೇಳಿಸಿದ್ದರೂ ಯಾರೂ ಫೋನ್ ಎತ್ತುತ್ತಿರಲಿಲ್ಲ. ನಿನ್ನ ಬರಹದಲ್ಲಿ ಆಶ್ಚರ್ಯಸೂಚಕ ಚಿಹ್ನೆ ನಲವತ್ತೊಂದು ಇವೆ, ಎಣಿಸಿದ್ದೇನೆ.

ಇನ್ನು ವಾಕ್ಯದ ಮಾತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬಂದು ಕೂರುತ್ತದೆ, ನಗಿಸಬೇಕಾದ ಪದ ನಡುವೆ ಸಿಕ್ಕಿ ಒದ್ದಾಡುತ್ತದೆ. 1970ರ ನವೆಂಬರ್ 12ರಂದು ಅಮೆರಿಕದ ಆರೆಗಾನ್ ದಡದಲ್ಲಿ ಕೊಳೆಯುತ್ತಿದ್ದ ತಿಮಿಂಗಿಲವನ್ನು ಹೆದ್ದಾರಿ ಇಲಾಖೆಯವರು ಅರ್ಧ ಟನ್ ಡೈನಮೈಟ್ ಇಟ್ಟು ಸಿಡಿಸಿದರು. ‘ತಿಮಿಂಗಿಲದ ಕೊಬ್ಬಿನ ತುಂಡೊಂದು ಕಾಲು ಮೈಲಿ ದೂರದ ಕಾರನ್ನು ಜಜ್ಜಿಹಾಕಿತು’ ಎಂದರೆ ಅದು ವರದಿ. ‘ಕಾಲು ಮೈಲಿ ದೂರದಲ್ಲಿ ನಿಂತಿದ್ದ ಕಾರನ್ನು ಜಜ್ಜಿಹಾಕಿದ್ದು ತಿಮಿಂಗಿಲದ ಕೊಬ್ಬು’ ಎಂದರೆ ಪೆಟ್ಟು ಬೀಳಬೇಕಾದ ಕಡೆ ಬೀಳುತ್ತದೆ. ಕ್ರಿಯಾಪದದ ಕೊನೆಗೆ ‘ದ್ದು’ ಹಚ್ಚಿ ನಾಮಪದಕ್ಕಿಂತ ಮೊದಲು ತಳ್ಳು, ನಾಮಪದವನ್ನು ವಾಕ್ಯದ ಕೊನೆಯ ಬಾಗಿಲ ಬಳಿ ನಿಲ್ಲಿಸು. ಒಂದು ಪ್ಯಾರಾದಲ್ಲಿ ಒಮ್ಮೆ ಸಾಕು, ಎರಡನೆಯ ಸಲಕ್ಕೆ ಓದುಗನಿಗೆ ಗುಟ್ಟು ಗೊತ್ತಾಗುತ್ತದೆ.

ಇದು ನಿನಗೆ ಬರುವುದಿಲ್ಲವೆಂದು ಹೇಳುತ್ತಿಲ್ಲ. ನಾಲ್ಕನೆಯ ಪುಟದ ಮೂಲೆಯಲ್ಲಿ ನೀನೇ ಬರೆದಿದ್ದೀಯ: ‘ಬೇಲಿ ಮುರಿದದ್ದು ಎಮು, ಒಳಗೆ ಬಂದದ್ದು ಮೊಲ.’ ಇಡೀ ಬರಹದಲ್ಲಿ ನಾನು ನಕ್ಕದ್ದು ಅಲ್ಲೊಂದೇ ಕಡೆ. ಅದು ನಿಜವೂ ಹೌದು, ಎಮುಗಳು ಕೆಡವಿದ ಬೇಲಿಯ ಕಂಡಿಯಲ್ಲೇ ಮೊಲಗಳು ಹೊಲ ಹೊಕ್ಕವು. ಆ ಸಾಲು ಎಲ್ಲಿಂದ ಬಂತು? ಆ ದಿನ ನೀನು ಯಾವುದೋ ಹಳೆಯ ವರದಿಯನ್ನು ಪೂರ್ತಿ ಓದಿರಬೇಕು. ಉಳಿದ ಪುಟಗಳು ತಲೆಬರಹ ಓದಿ ಬರೆದವು.

ಪೂರ್ತಿ ಓದು. ವೈರಲ್ ಸುದ್ದಿ ನಿನ್ನ ಹತ್ತಿರ ಬರುವಾಗಲೇ ನಾಲ್ಕು ಕೈ ದಾಟಿರುತ್ತದೆ. ಮೊದಲು ಅದರ ವಿಶೇಷಣಗಳನ್ನೆಲ್ಲ ಪೆನ್ಸಿಲ್‌ನಲ್ಲಿ ಹೊಡೆದುಹಾಕು. ಉಳಿದದ್ದರಲ್ಲಿ ದಿನಾಂಕ, ಊರು, ಹೇಳಿದವರ ಹೆಸರು ಈ ಮೂರೂ ಇದೆಯಾ ನೋಡು. ಒಂದು ಇಲ್ಲದಿದ್ದರೆ ಹುಡುಕು, ಎರಡು ಇಲ್ಲದಿದ್ದರೆ ಬಿಟ್ಟುಬಿಡು. ಫೋಟೊ ಇದ್ದರೆ ಅಂತರ್ಜಾಲದಲ್ಲಿ ಅದನ್ನೇ ಹಾಕಿ ಹುಡುಕಿ, ಅತ್ಯಂತ ಹಳೆಯ ಪ್ರತಿಯ ದಿನಾಂಕ ನೋಡು. ನಿನ್ನೆಯ ಘಟನೆ ಎಂದು ಓಡಾಡುವ ಚಿತ್ರ ಐದು ವರ್ಷ ಹಿಂದಿನದಾಗಿರುತ್ತದೆ, ಈಗಂತೂ ಯಂತ್ರವೇ ಹೆತ್ತ ಚಿತ್ರವೂ ಇರಬಹುದು. 2012ರಲ್ಲಿ ಅಮೆರಿಕದ ‘ದಿ ಆನಿಯನ್’ ಎಂಬ ವಿಡಂಬನೆಯ ಪತ್ರಿಕೆ ಕಿಮ್ ಜಾಂಗ್ ಉನ್ ಅವರನ್ನು ಜಗತ್ತಿನ ಅತಿ ಆಕರ್ಷಕ ಪುರುಷನೆಂದು ಘೋಷಿಸಿತು. ಚೀನಾದ ‘ಪೀಪಲ್ಸ್ ಡೈಲಿ’ಯ ಜಾಲತಾಣ ಅದನ್ನು ನಂಬಿ 55 ಫೋಟೊ ಸಮೇತ ಪ್ರಕಟಿಸಿತು. ನೀನು ಆ ಸಾಲಿನಲ್ಲಿ ನಿಲ್ಲಬೇಡ.

ಇನ್ನೊಂದು, ಇದನ್ನು ಸ್ವಲ್ಪ ಸಿಟ್ಟಿನಿಂದಲೇ ಹೇಳುತ್ತೇನೆ. ನಿನ್ನ ಬರಹದಲ್ಲಿ ರೈತರು ಪೆದ್ದರಾಗಿದ್ದಾರೆ. ಆ ರೈತರಲ್ಲಿ ಬಹಳ ಮಂದಿ ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು. ಗೋಧಿಯ ಬೆಲೆ ಕುಸಿದಿತ್ತು, ಸರ್ಕಾರ ಕೊಡುತ್ತೇನೆಂದ ಸಹಾಯಧನ ಬಂದಿರಲಿಲ್ಲ. ಬಂದದ್ದು ಮೆಷಿನ್ ಗನ್. ನಗಬೇಕಾದದ್ದು ಇಲ್ಲಿ. ಪೇಚಿಗೆ ಸಿಕ್ಕಿದವನನ್ನು ನೋಡಿ ನಗುವುದಕ್ಕೆ ಬರಹಗಾರ ಬೇಕಿಲ್ಲ, ಫೋನ್ ಹಿಡಿದವರು ಸಾಕು.

‘ನೆಟ್ಟಿಗರು ಬೆಚ್ಚಿಬಿದ್ದರು’ ಎಂದೂ ಒಂದು ಕಡೆ ಬರೆದಿದ್ದೀಯ. 1932ರಲ್ಲಿ? ಆ ಪದ ಕಂಡರೆ ನನ್ನ ಪೆನ್ಸಿಲ್ ತಾನಾಗಿ ಎದ್ದು ನಿಲ್ಲುತ್ತದೆ. ನನ್ನ ಇನ್ನೊಂದು ಹಳೆಯ ಜಗಳ ತಲೆಬರಹ ಕೊಡುವವರ ಜೊತೆ. ನೀನು ಕೊನೆಯ ಸಾಲಿಗೆಂದು ಕಾಪಾಡಿಕೊಂಡು ಬಂದದ್ದನ್ನು ಅವರು ದಪ್ಪಕ್ಷರದಲ್ಲಿ ಮೇಲೆ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ತಲೆಬರಹವನ್ನೂ ನೀನೇ ಬರೆದು ಕಳಿಸು, ಮಂಕಾಗಿರಲಿ. ಬದಲಾಯಿಸಿದರೆ ಜಗಳವಾಡು.

ಎಮುವನ್ನು ಮತ್ತೆ ಬರೆದು ತಿಂಗಳೊಳಗೆ ಕಳಿಸು, ಎರಡು ಪುಟ ಮೀರದಿರಲಿ. ಬೇಲಿಯ ಸಾಲನ್ನು ಮುಟ್ಟಬೇಡ. ಪತ್ರಿಕಾಗೋಷ್ಠಿಯ ಮೂರು ಪುಟಗಳನ್ನು ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ. ಕೇಳಿದರೂ ಕೊಡುವುದಿಲ್ಲ.