ಶನಿವಾರದ ಹಾಡುಗಳ ಬಗ್ಗೆ

ನಮಸ್ಕಾರ ಎಲ್ಲರಿಗೂ. ನಮ್ಮ ರೇಡಿಯೋದ ಶನಿವಾರದ ಕಾರ್ಯಕ್ರಮಕ್ಕೆ ಬಂದ ಹಾಡುಗಳನ್ನು ನಿನ್ನೆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಒಂದು ರ‍್ಯಾಪ್ ಹಾಡಿನ ಎರಡನೇ ಚರಣದಲ್ಲಿ ಬೈಗುಳ ಇದೆ. ಮೊಬೈಲ್ ಸ್ಪೀಕರ್‌ನಲ್ಲಿ ಅದು ಬೀಟ್ ಒಳಗೆ ಮುಚ್ಚಿಹೋಗುತ್ತದೆ, ಗೊತ್ತೇ ಆಗಲ್ಲ.

ನಮ್ಮದು ಪುಟ್ಟ ಸಮುದಾಯ ರೇಡಿಯೋ ನಿಜ. ಆದರೂ ಆಕಾಶವಾಣಿಯ ಕಾರ್ಯಕ್ರಮ ಸಂಹಿತೆ (ಏನನ್ನು ಪ್ರಸಾರ ಮಾಡಬಾರದು ಅನ್ನುವ ನಿಯಮಗಳು) ನಮಗೂ ಅನ್ವಯಿಸುತ್ತದೆ, ಖಾಸಗಿ ಎಫ್‌ಎಂಗಳಿಗೂ ಅಷ್ಟೇ. ಪ್ರಸಾರವಾದದ್ದರ ರೆಕಾರ್ಡಿಂಗ್ ಅನ್ನು ಮೂರು ತಿಂಗಳು ಇಟ್ಟುಕೊಳ್ಳಬೇಕು. ಹಾಗಾಗಿ ‘ಯಾರು ಕೇಳ್ತಾರೆ ಬಿಡಿ’ ಅನ್ನುವ ಹಾಗಿಲ್ಲ.

ಬೀಪ್ ಮಾತ್ರ ಹಾಕಬೇಡಿ. ಬೀಪ್ ಬಂದರೆ ಆ ಪದ ಏನಿರಬಹುದು ಅಂತ ಜನ ಇನ್ನೂ ಜಾಸ್ತಿ ಯೋಚಿಸುತ್ತಾರೆ, ಅಲ್ವಾ? ಮೊದಲು ಆ ಹಾಡಿನ ‘ಕ್ಲೀನ್’ ಆವೃತ್ತಿ, ಅಂದರೆ ಬೈಗುಳ ಇಲ್ಲದ್ದು, ಇದೆಯಾ ನೋಡಿ. ಇಲ್ಲದಿದ್ದರೆ ಬೈಗುಳ ಬರುವ ಆ ಅರ್ಧ ಸೆಕೆಂಡನ್ನು ರಿವರ್ಸ್ (ಹಿಂದುಮುಂದು) ಮಾಡಿ, ತಾಳ ತಪ್ಪಿದಂತೆ ಅನಿಸಲ್ಲ. ಶುಕ್ರವಾರ ಸಂಜೆಯೊಳಗೆ ಫೈಲ್ ಕಳಿಸಿ.