ಅಜ್ಜಿಯ ಮಾತು ಯಾಕೆ ಬಿಟ್ಟೆ?

ಪ್ರೀತಿಯ ಹುಡುಗಾ,

ಸ್ಕಾಟ್ಲೆಂಡ್, ಐರ್ಲೆಂಡ್ ಸಿನಿಮಾಗಳ ಮೇಲೆ ನೀನು ಬರೆದ ಲೇಖನಗಳ ಕಟ್ಟು ಕೈಸೇರಿ ಮೂರು ವಾರ ಆಯಿತು. ಪೂರ್ತಿ ಓದಿದೆ. ಎರಡು ಸಲ ಸಿಟ್ಟು ಬಂತು, ಒಂದು ಸಲ ಜೋರಾಗಿ ನಕ್ಕೆ. ನಗು ಬಂದಿದ್ದು ಲೇಖನ ಓದಿ ಅಲ್ಲ, ಜೊತೆಗಿಟ್ಟಿದ್ದ ಚೀಟಿ ಓದಿ.

ಕಾಗುಣಿತ, ಪ್ಯಾರಾ, ಪ್ರಕಾಶಕರು ಅಂತ ಏನೇನೋ ಕೇಳಿದ್ದೀಯ. ಅದನ್ನೆಲ್ಲ ಯಾರಾದರೂ ಹೇಳಿಕೊಡುತ್ತಾರೆ, ಬಿಡು. ‘ಆ ನೆಲದಲ್ಲಿ ಕಾಲೇ ಇಡದ ನಾನು ಬರೆಯೋದು ಮೋಸ ಅಲ್ವಾ ಸರ್?’ ಅಂತ ಕೊರಗಿದ್ದೀಯಲ್ಲ, ಅದರ ಬಗ್ಗೆ ಮಾತಾಡೋಣ.

1945ರ ‘ಐ ನೋ ವೇರ್ ಐ ಆ್ಯಮ್ ಗೋಯಿಂಗ್’ ನಿನಗೂ ಇಷ್ಟ, ನನಗೂ ಇಷ್ಟ. ಶ್ರೀಮಂತನನ್ನು ಮದುವೆಯಾಗೋಕೆ ಹೊರಟ ಹುಡುಗಿ, ಕಡಲ ಮೇಲೆ ಮಂಜು ಕವಿದು, ಅವನಿರೋ ದ್ವೀಪಕ್ಕೆ ದೋಣಿ ಸಿಗದೆ, ಸ್ಕಾಟ್ಲೆಂಡಿನ ಮಲ್ ದ್ವೀಪದಲ್ಲೇ ಉಳಿಯುತ್ತಾಳೆ. ರಾತ್ರಿ ಮಲಗಿ, ಚಾವಣಿಯ ತೊಲೆ ಎಣಿಸಿ, ಮಂಜು ಚದುರೋ ಹಾಗೆ ಗಾಳಿ ಬೀಸಲಿ ದೇವರೇ ಅಂತ ಬೇಡಿಕೊಳ್ಳುತ್ತಾಳೆ. ಗಾಳಿ ಬೀಸುತ್ತೆ. ಆದರೆ ಎಂಥ ಬಿರುಗಾಳಿ ಅಂದರೆ ದೋಣಿ ನೀರಿಗೇ ಇಳಿಯೋದಿಲ್ಲ! ಆ ಸಿನಿಮಾದ ನಾಯಕ ರೋಜರ್ ಲಿವ್‌ಸೆ ಶೂಟಿಂಗಿಗೆ ಸ್ಕಾಟ್ಲೆಂಡಿಗೆ ಹೋಗಲೇ ಇಲ್ಲ ಕಣೋ. ಲಂಡನ್ನಿನಲ್ಲಿ ನಾಟಕ ಇತ್ತು. ದ್ವೀಪದಲ್ಲಿ ಕಿಲ್ಟ್ ಅನ್ನೋ ಅಲ್ಲಿನ ಗಂಡಸರ ಲಂಗ ಹಾಕಿಕೊಂಡು ದೂರದಲ್ಲಿ ನಡೆಯೋದು ಇನ್ಯಾರೋ. ಲಿವ್‌ಸೆ ಇರೋದೆಲ್ಲ ಸ್ಟುಡಿಯೋದಲ್ಲಿ. ಆದರೂ ನೋಡುವಾಗ ನನಗೆ ಚಳಿಯಾಗಿ ಶಾಲು ಹೊದ್ದುಕೊಂಡಿದ್ದೇನೆ.

ಈಗ ನನ್ನ ಕಥೆ ಕೇಳು. ಇದನ್ನು ಜಾಸ್ತಿ ಜನರ ಹತ್ತಿರ ಹೇಳಿಲ್ಲ. ನಿನ್ನ ವಯಸ್ಸಿನಲ್ಲಿ ಒಂದು ವಾರಪತ್ರಿಕೆಗೆ ‘ಮ್ಯಾನ್ ಆಫ್ ಆ್ಯರನ್’ ಬಗ್ಗೆ ಬರೆದೆ. 1934ರದ್ದು, ರಾಬರ್ಟ್ ಫ್ಲಾಹರ್ಟಿ ಐರ್ಲೆಂಡಿನ ಪಶ್ಚಿಮದ ದ್ವೀಪಗಳಿಗೇ ಹೋಗಿ ತೆಗೆದ ಸಾಕ್ಷ್ಯಚಿತ್ರ. ಬರೀ ಬಂಡೆಯ ಮೇಲೆ ಕಡಲಪಾಚಿ ಹೊತ್ತು ತಂದು ಹಾಸಿ, ಆಲೂಗಡ್ಡೆ ಬೆಳೆಯೋಕೆ ಮಣ್ಣು ಮಾಡುತ್ತಾರಲ್ಲ, ಅದೊಂದು ನಿಜಕ್ಕೂ ಹಿಡಿಸಿತ್ತು. ಶಾರ್ಕ್ ಬೇಟೆ ಬಂದಾಗ ನಿದ್ದೆ ಹೋಗಿದ್ದೆ. ಆದರೆ ಬರೆದಿದ್ದೇನು ಗೊತ್ತಾ? ‘ಆ ಬೇಟೆ ನೋಡಿ ಕಣ್ಣೀರು ಬಂತು’ ಅಂತ! ಜನ ಹೊಗಳಿದರು. ಒಬ್ಬ ಹಿರಿಯರು ಸಭೆಯಲ್ಲಿ ಆ ಸಾಲನ್ನೇ ಓದಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಎಲ್ಲರೂ ಅದನ್ನು ವಿನಯ ಅಂದುಕೊಂಡರು. ಮುಂದೆ ಹತ್ತು ವರ್ಷ ಯಾವ ಸಿನಿಮಾ ನೋಡಿದರೂ ಕಣ್ಣೀರು ಎಲ್ಲಿ ಇಡೋಣ ಅಂತಲೇ ಹುಡುಕುತ್ತಿದ್ದೆ.

ಎಷ್ಟೋ ಕಾಲದ ಮೇಲೆ ಓದಿದೆ: ಆ ಜನ ಶಾರ್ಕ್ ಬೇಟೆ ಬಿಟ್ಟು ಎಷ್ಟೋ ದಶಕ ಆಗಿತ್ತಂತೆ. ಕ್ಯಾಮೆರಾಕ್ಕಾಗಿ ಅವರಿಗೇ ಹೊಸದಾಗಿ ಕಲಿಸಬೇಕಾಯಿತಂತೆ. ಅಪ್ಪ, ಅಮ್ಮ, ಮಗ ಅಂತ ತೋರಿಸಿದವರು ಒಂದೇ ಮನೆಯವರೂ ಅಲ್ಲ. ಫ್ಲಾಹರ್ಟಿಯನ್ನು ಬೈಯೋಣ ಅಂದುಕೊಂಡೆ, ಬಾಯಿ ಬರಲಿಲ್ಲ.

ಅದಕ್ಕೇ ನಿನ್ನ ‘ದಿ ವಿಂಡ್ ದಟ್ ಶೇಕ್ಸ್ ದಿ ಬಾರ್ಲಿ’ ಲೇಖನ ಓದುವಾಗ ಸಿಟ್ಟು ಬಂದಿದ್ದು. ಐರ್ಲೆಂಡಿನ ಸ್ವಾತಂತ್ರ್ಯ ಹೋರಾಟದ ಆ ಸಿನಿಮಾಗೆ 2006ರಲ್ಲಿ ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಪಾಮ್ ಡೋರ್ ಬಂತು ಅಂತ ಮೊದಲ ಸಾಲಲ್ಲೇ ಹೇಳಿದ್ದೀಯ. ‘ಮನಕಲಕುವ’ ಅನ್ನೋ ಪದ ಆರು ಸಲ ಇದೆ, ಎಣಿಸಿದ್ದೇನೆ. ಆದರೆ ನಾಯಕ ಡೇಮಿಯನ್ ತಾನು ಚಿಕ್ಕಂದಿನಿಂದ ಬಲ್ಲ ಹುಡುಗನಿಗೆ ಗುಂಡಿಕ್ಕಬೇಕಾಗುತ್ತಲ್ಲ, ಆಮೇಲೆ ಆ ಹುಡುಗನ ತಾಯಿಯ ಮುಂದೆ ಹೋಗಿ ನಿಲ್ಲಬೇಕಾಗುತ್ತಲ್ಲ, ಅದರ ಸುದ್ದಿಯೇ ಇಲ್ಲ. ಪೂರ್ತಿ ನೋಡಿದ್ದೀಯೇನೋ? ದೊಡ್ಡ ಸಿನಿಮಾ ಅದು, ಅನುಮಾನ ಇಲ್ಲ. ನಿನಗೆ ಹಿಡಿಸದಿದ್ದರೆ ಹಿಡಿಸಲಿಲ್ಲ ಅನ್ನು. ಅದರ ನಿರ್ದೇಶಕ ಕೆನ್ ಲೋಚ್ ಏನೂ ಬೇಜಾರು ಮಾಡಿಕೊಳ್ಳೋದಿಲ್ಲ.

ಇನ್ನು ಆ ಚೀಟಿ. ‘ಸುಮ್ನೆ ಹೇಳ್ತಿದ್ದೀನಿ ಸರ್, ನನಗೆ ನಿಜವಾಗಿ ಇಷ್ಟ ಆಗೋದು ಫಾದರ್ ಟೆಡ್’ ಅಂತ ನಾಚಿಕೊಂಡು ಬರೆದಿದ್ದೀಯ. 1995ರಿಂದ 98ರವರೆಗೆ ಬಂದ, ಹಾಳು ದ್ವೀಪವೊಂದರ ಮೂವರು ಪಾದ್ರಿಗಳ ಟಿವಿ ಕಾಮಿಡಿ. ನೀನು, ಅಜ್ಜಿ ಒಂದೇ ಫೋನಿನಲ್ಲಿ ನೋಡೋದು, ನೀನು ಪಕ್ಕದಲ್ಲಿ ಕನ್ನಡದಲ್ಲಿ ಹೇಳ್ತಾ ಹೋಗೋದು. ಪಾದ್ರಿಗಳ ಮನೆ ನೋಡಿಕೊಳ್ಳೋ ಮಿಸೆಸ್ ಡಾಯ್ಲ್ ಬಂದವನಿಗೆ ಟೀ ಕುಡಿ ಕುಡಿ ಅಂತ ಬೆನ್ನು ಬೀಳುತ್ತಾಳೆ, ಅವನು ಬೇಡ ಬೇಡ ಅನ್ನುತ್ತಾನೆ. ಅಜ್ಜಿಗೆ ರೇಗಿತಂತೆ. ‘ಒಂದು ಲೋಟ ಕುಡಿದ್ರೆ ಅವನ ಗಂಟೇನು ಹೋಗುತ್ತೆ?’ ಅಂದರಂತೆ.

ಅಯ್ಯೋ ಪುಣ್ಯಾತ್ಮಾ, ಇಡೀ ಕಟ್ಟಿನಲ್ಲಿ ಜೀವ ಇರೋ ಸಾಲು ಅದೊಂದೇ, ಅದನ್ನು ಹೊರಗಿಟ್ಟಿದ್ದೀಯಲ್ಲೋ! ಅಜ್ಜಿಯ ಜೊತೆ ಕಾಮಿಡಿ ನೋಡುವವನು ಅಂತ ಗೊತ್ತಾದರೆ ಮರ್ಯಾದೆ ಹೋಗುತ್ತೇನು?

ಕಟ್ಟನ್ನು ವಾಪಸ್ ಕಳಿಸುತ್ತಿದ್ದೇನೆ, ಚೀಟಿ ನನ್ನ ಹತ್ತಿರವೇ ಇರಲಿ. ಮುಂದಿನ ಪತ್ರದಲ್ಲಿ ಒಂದು ವಿಷಯ ತಿಳಿಸು. ಮಳೆಯಲ್ಲಿ ಕ್ಯಾರವಾನ್ ಒಳಗೆ ಕೂತು, ಟೆಡ್ ಕೈಯಲ್ಲಿ ಆಟಿಕೆ ಹಸು ಹಿಡಿದು, ಇವು ಸಣ್ಣವು, ಹೊರಗಿರೋವು ದೂರದಲ್ಲಿರೋವು ಅಂತ ಆ ಪೆದ್ದ ಪಾದ್ರಿ ಡೂಗಲ್‌ಗೆ ತಿಳಿಸಿ ಹೇಳುತ್ತಾನಲ್ಲ, ಅದನ್ನು ಅಜ್ಜಿಗೆ ತೋರಿಸಿದೆಯಾ? ಏನಂದರು?

ಇಂತಿ,
ನಿನ್ನ ಮೇಷ್ಟ್ರು